‘ಗ್ರೀನ್ ಕಾರ್ಡ್ ಮಸೂದೆ ಪಾಸಾಯ್ತು’ ಅಂತ ಸುದ್ದಿ ಬಂದರೆ ಏನು ನೋಡಬೇಕು?

ಹುಬ್ಬಳ್ಳಿಯ ವಿದ್ಯಾನಗರ, ಧಾರವಾಡದ ಸಪ್ತಾಪುರದ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ಬಗ್ಗೆ ಹೀಗೊಂದು ಸುದ್ದಿ ಬಂತೆಂದರೆ ಮದುವೆಯ ಮಾತು, ಪ್ಲಾಟ್ ಮಾರುವ ವಿಚಾರ ಎಲ್ಲ ಅದರ ಮೇಲೇ ನಡೆಯತೊಡಗುತ್ತವೆ. ಸ್ವಲ್ಪ ತಡೆಯಿರಿ.

ಮೊದಲು ಮಸೂದೆಯ ನಂಬರ್ ಕೇಳಿ. ‘ಎಚ್.ಆರ್.’ ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕೆಳಮನೆಯದು, ‘ಎಸ್.’ ಅಂದರೆ ಅದರ ಮೇಲ್ಮನೆ ಸೆನೆಟ್‌ನದು. ನಂಬರೇ ಇಲ್ಲದ ಸುದ್ದಿಯನ್ನು ಅಲ್ಲಿಗೇ ಬಿಡಿ. ಇದ್ದರೆ ಕಾಂಗ್ರೆಸ್ ಡಾಟ್ ಗವ್ ಜಾಲತಾಣದಲ್ಲಿ ಹಾಕಿ ಹಂತ ನೋಡಿ. ‘ಇಂಟ್ರೊಡ್ಯೂಸ್ಡ್’ ಅಂತಿದ್ದರೆ ಯಾರೋ ಮಂಡಿಸಿದ್ದಾರೆ, ಅಷ್ಟೇ.

ನಮ್ಮವರು ಎಡವುವುದು ‘ಪಾಸಾಯ್ತು’ ಎಂಬ ಮಾತಿನಲ್ಲಿ. ಎರಡೂ ಸದನಗಳು ಒಂದೇ ಪಠ್ಯಕ್ಕೆ ಒಪ್ಪಬೇಕು. ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7 ಎಂಬ ಮಿತಿಯನ್ನು ತೆಗೆಯುವ ಎಚ್.ಆರ್. 1044 ಮಸೂದೆಗೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365 ಮತ ಬಿದ್ದವು, ವಿರುದ್ಧ ಬರೀ 65. ಸೆನೆಟ್ 2020ರ ಡಿಸೆಂಬರ್‌ನಲ್ಲಿ ಒಪ್ಪಿದ್ದು ಬೇರೆಯೇ ಪಠ್ಯ. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಕಾಂಗ್ರೆಸ್‌ನ ಅವಧಿ ಮುಗಿದು ಎಲ್ಲ ಬಿದ್ದುಹೋಯಿತು. ಅವಧಿ ಎರಡೇ ವರ್ಷ. ಬೆಸ ಇಸವಿಯ ಜನವರಿ 3ಕ್ಕೆ ಮುಗಿಯುತ್ತದೆ, ಬಾಕಿ ಮಸೂದೆಗಳೆಲ್ಲ ರದ್ದು.

ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 100ರಲ್ಲಿ 60 ಮತ ಬೇಕು. ಆದರೂ 2013ರ ದೊಡ್ಡ ವಲಸೆ ಸುಧಾರಣಾ ಮಸೂದೆ ಅಲ್ಲಿ 68–32ರಿಂದ ಗೆದ್ದಿತ್ತು. ಕೆಳಮನೆಯ ನಾಯಕರು ಅದನ್ನು ಮತಕ್ಕೇ ತರಲಿಲ್ಲ. ರಾಜಕೀಯ ಇಚ್ಛಾಶಕ್ತಿ ಇದೆಯೋ ಇಲ್ಲವೋ ಗೊತ್ತಾಗುವುದು ಭಾಷಣದಿಂದಲ್ಲ, ಮಸೂದೆಗೆ ಮತದ ದಿನ ನಿಗದಿಯಾಯಿತೇ ಎಂಬುದರಿಂದ.

‘ಅಮೆರಿಕದ ಜನರೇ ನಮ್ಮ ಪರ’ ಎಂಬ ಸಮೀಕ್ಷೆ ಬಂದರೆ ಕೇಳಿದ ಪ್ರಶ್ನೆಯನ್ನೇ ಓದಿ. ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನ 2024ರ ಸಮೀಕ್ಷೆಯಲ್ಲಿ ವಲಸೆ ಕಡಿಮೆಯಾಗಲಿ ಎಂದವರು ಶೇ. 55, ಅದೇ ಸಮೀಕ್ಷೆಯಲ್ಲಿ ವಲಸೆ ದೇಶಕ್ಕೆ ಒಳ್ಳೆಯದು ಎಂದವರು ಶೇ. 64. ಒಬ್ಬರೇ ಎರಡನ್ನೂ ಹೇಳಬಲ್ಲರು. ಮರುವರ್ಷ ಕಡಿಮೆಯಾಗಲಿ ಎಂದವರು ಶೇ. 30ಕ್ಕೆ ಇಳಿದರು. ಇಷ್ಟು ಬೇಗ ಹೊರಳುವ ಅಭಿಪ್ರಾಯ ನೋಡಿ ಮನೆಯ ಸಾಲ, ಸಂಬಂಧ ನಿರ್ಧರಿಸಬೇಡಿ.

ನಿಮಗೆ ನಿಜವಾಗಿ ಬೇಕಾದದ್ದು ಪ್ರತಿ ತಿಂಗಳ ವೀಸಾ ಬುಲೆಟಿನ್, ಅಂದರೆ ಗ್ರೀನ್ ಕಾರ್ಡ್ ಸರದಿ ಎಲ್ಲಿಗೆ ಬಂತು ಎಂದು ಅಮೆರಿಕದ ವಿದೇಶಾಂಗ ಇಲಾಖೆ ಹೊರಡಿಸುವ ಪಟ್ಟಿ. ಮಗನ ಐ-140 (ಕಂಪನಿ ಅವನ ಪರವಾಗಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಒಪ್ಪಿಗೆ ಪತ್ರದಲ್ಲಿರುವ ‘ಪ್ರಯಾರಿಟಿ ಡೇಟ್’, ಅಂದರೆ ಸರದಿಯಲ್ಲಿ ಅವನ ಜಾಗ ಹೇಳುವ ತಾರೀಖು, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬುಲೆಟಿನ್‌ನಲ್ಲಿ ಉದ್ಯೋಗದ ಗ್ರೀನ್ ಕಾರ್ಡ್‌ಗೆ ಎರಡು ಕೋಷ್ಟಕ ಇರುತ್ತವೆ; ‘ಫೈನಲ್ ಆ್ಯಕ್ಷನ್’ ಎಂಬುದನ್ನು ಹಿಡಿದು, ಅವನ ವರ್ಗದ (ಇಬಿ-2, ಇಬಿ-3 ಇತ್ಯಾದಿ) ಸಾಲು, ಇಂಡಿಯಾ ಕಾಲಂ ಕೂಡುವಲ್ಲಿ ನೋಡಿ. ಅವನ ತಾರೀಖು ಅಲ್ಲಿರುವುದಕ್ಕಿಂತ ಹಿಂದಿನದಾಗಿದ್ದರೆ ಸರದಿ ಬಂದಂತೆ. ಅಲ್ಲಿನ ತಾರೀಖು ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ, ಹಾಗಾಗಿ ಒಂದು ತಿಂಗಳು ನೋಡಿ ಸುಮ್ಮನಾಗಬೇಡಿ.

ಮೊಮ್ಮಗುವಿಗೆ 21 ತುಂಬುವ ದಿನವನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಆಮೇಲೆ ಅಪ್ಪ-ಅಮ್ಮನ ಅರ್ಜಿಯಲ್ಲಿ ಮಗುವಾಗಿ ಉಳಿಯುವುದು ಕಷ್ಟ. ಐ-140 ಬಾಕಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶವಿದೆ. ಆ ಲೆಕ್ಕವನ್ನು ಅಲ್ಲಿನ ವಕೀಲರಿಂದ, 20 ತುಂಬುವ ಮೊದಲೇ ಮಾಡಿಸಿ.