ಐವತ್ತು ಕಿಲೋಮೀಟರ್ ಓಡಿದೆ, ಸ್ಕ್ವಾಟ್ ಬಿಡಲಿಲ್ಲ

ನಾನು ಮೊದಲಿನಿಂದಲೂ ಜಿಮ್ ಮನುಷ್ಯ. ಎಂಟು ವರ್ಷ ಬಾರ್ ಎತ್ತಿ ಇಳಿಸಿದ ಮೇಲೆ ನನ್ನ ಹತ್ತಿರ ಇದ್ದದ್ದು ಇಷ್ಟು: 82 ಕೆಜಿ ಮೈತೂಕ, 140 ಕೆಜಿ ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು), 170 ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನಿಲ್ಲುವುದು), 100 ಬೆಂಚ್ (ಮಲಗಿ ಎದೆಯ ಮೇಲಿಂದ ತಳ್ಳುವುದು). ಯಾರೂ ಬೆರಗಾಗುವ ಲೆಕ್ಕವಲ್ಲ, ಆದರೆ ಒಂದೊಂದು ಕೆಜಿಯೂ ಕಷ್ಟಪಟ್ಟು ಗಳಿಸಿದ್ದು. ಹಾಗಾಗಿ ಗುಡ್ಡದ ದಾರಿಯ 50 ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟ ರಾತ್ರಿ ತಲೆಗೆ ಮೊದಲು ಬಂದದ್ದು ಮುಗಿಸುತ್ತೇನೋ ಇಲ್ಲವೋ ಅನ್ನುವ ಭಯವಲ್ಲ. ತೊಡೆ ಕರಗಿ ಹೋಗುತ್ತಲ್ಲ ಅನ್ನುವ ಭಯ. ಹೇಳಿಕೊಳ್ಳಲು ನಾಚಿಕೆ, ಆದರೂ ಅದೇ ನಿಜ. ಅವತ್ತೇ ಟೇಪ್ ತಂದು ತೊಡೆ ಅಳೆದು ಬರೆದಿಟ್ಟೆ. 60.5 ಸೆಂಟಿಮೀಟರ್.

ಮ್ಯಾರಥಾನಿನ 42.195 ಕಿಲೋಮೀಟರ್ ದಾಟಿದ್ದೆಲ್ಲ ಅಲ್ಟ್ರಾ. 50 ಅದರಲ್ಲಿ ಚಿಕ್ಕದು. 100, 160 ಓಡುವವರ ಮುಂದೆ ನಾನು ಬಾಯಿ ತೆರೆಯಲ್ಲ. ಆದರೆ ಓಟ, ಭಾರ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನೋಡುವವರಿಗೆ ನನ್ನ ಪೆಟ್ಟುಗಳು ಉಪಯೋಗಕ್ಕೆ ಬರಬಹುದು.

ಕೈಯಲ್ಲಿ 24 ವಾರ ಇತ್ತು. ಮೊದಲ ಎಂಟು ವಾರ ನಾನು ಮಾಡಿದ್ದು ಶುದ್ಧ ದಡ್ಡತನ. ಜಿಮ್ಮಿನ ನಾಲ್ಕು ದಿನದ ಪ್ಲ್ಯಾನನ್ನು ಒಂದು ಸೆಟ್ಟೂ ಕಡಿಮೆ ಮಾಡದೆ ಹಾಗೇ ಇಟ್ಟುಕೊಂಡು, ಅದರ ಮೇಲೆ ನಾಲ್ಕು ದಿನ ಓಟ ಹೇರಿದೆ, ಅದೂ ಪ್ರತಿ ಓಟವನ್ನೂ ಏದುಸಿರು ಬರುವ ಹಾಗೆ, ಯಾಕೆಂದರೆ ಜಿಮ್ಮಿನವರಿಗೆ ಮೈ ನೋಯದಿದ್ದರೆ ಕೆಲಸ ಮಾಡಿದ ಹಾಗೇ ಅನ್ನಿಸುವುದಿಲ್ಲ. ಶುಕ್ರವಾರ ಸಂಜೆ ಸ್ಕ್ವಾಟ್, ಶನಿವಾರ ಬೆಳಿಗ್ಗೆ ದೂರದ ಓಟ. ಏಳನೇ ವಾರಕ್ಕೆ 110 ಕೆಜಿ ಹೆಗಲ ಮೇಲೆ 140ರ ಹಾಗೆ ಕೂರತೊಡಗಿತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ಎಣಿಸಿದರೆ ನಾಡಿ ಎಂದಿಗಿಂತ ಎಂಟು ಹತ್ತು ಜಾಸ್ತಿ. ಎಂಟನೇ ವಾರ ಏರು ಹತ್ತುವಾಗ ಎಡ ಮೀನಖಂಡದಲ್ಲಿ ಯಾರೋ ಕಲ್ಲಲ್ಲಿ ಹೊಡೆದ ಹಾಗಾಯಿತು. ಕುಂಟುತ್ತಾ ಮನೆಗೆ ಬಂದೆ. ಎರಡು ವಾರ ಓಟ ಬಂದ್.

ಕೂತಲ್ಲೇ ಕೂತು ಓದಿದ್ದು ಆಗಲೇ. ಓಟ ಮತ್ತು ಭಾರ ಒಂದಕ್ಕೊಂದು ಅಡ್ಡ ಬರುತ್ತವೆ ಅನ್ನುವ ಮಾತಿನ ಮೂಲ 1980ರಲ್ಲಿ ರಾಬರ್ಟ್ ಹಿಕ್ಸನ್ ಮಾಡಿದ ಪ್ರಯೋಗ. ಅವರೂ ಭಾರ ಎತ್ತುವವರೇ ಆಗಿದ್ದರು. ಒಂದು ಗುಂಪಿಗೆ ಬರೀ ಭಾರ, ಒಂದಕ್ಕೆ ಬರೀ ಓಟ ಮತ್ತು ಸೈಕಲ್, ಇನ್ನೊಂದಕ್ಕೆ ಎರಡೂ, ಒಟ್ಟು 10 ವಾರ. ಎರಡೂ ಮಾಡಿದವರ ಬಲ ಏಳನೇ ವಾರದ ಹೊತ್ತಿಗೆ ಏರುವುದು ನಿಂತು, ಕೊನೆಗೆ ಇಳಿಯಿತು. ದಮ್ಮಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ಜಿಮ್ಮಿನಲ್ಲಿ ಓಟವನ್ನು ಬೈಯುವವರೆಲ್ಲ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆ ಮೂರನೇ ಗುಂಪಿನವರು ವಾರಕ್ಕೆ ಐದು ದಿನ ಭಾರ, ಆರು ದಿನ ದಮ್ಮಿನ ಕೆಲಸ ಮಾಡುತ್ತಿದ್ದರು, ಅಂದರೆ 11 ಸಲ, ಎಲ್ಲವೂ ಜೀವ ಹಿಂಡುವಂಥದ್ದು. ಯಾರ ಬಲ ತಾನೇ ಇಳಿಯಲ್ಲ? ನನ್ನದು ಎಂಟು ಸಲ, ಏಳನೇ ವಾರಕ್ಕೇ ಬಿದ್ದಿದ್ದೆ. ಅವರದ್ದೇ ಪ್ರಯೋಗವನ್ನು ನಾನು ಸುಮ್ನೆ ಇನ್ನೊಂದು ಸಲ ಮಾಡಿ ನೋಡಿದ ಹಾಗಾಯಿತು, ಅಷ್ಟೇ.

ಜೀವಕೋಶದ ಒಳಗೆ ಎಎಂಪಿಕೆ ಮತ್ತು ಎಂಟಾರ್ ಅನ್ನುವ ಎರಡು ಸ್ವಿಚ್ಚುಗಳ ಕಥೆಯೂ ಇದೆ. ಶಕ್ತಿ ಖಾಲಿಯಾದಾಗ ಮೊದಲನೆಯದು ಹೊತ್ತಿಕೊಂಡು, ಸ್ನಾಯು ಕಟ್ಟುವ ಎರಡನೆಯದನ್ನು ತಗ್ಗಿಸುತ್ತದೆ. ನಿಜವೇ. ಆದರೆ ಇದನ್ನು ನೆನೆದು ನಿದ್ದೆ ಕೆಡಿಸಿಕೊಳ್ಳುವುದಕ್ಕಿಂತ ಸರಿಯಾಗಿ ಊಟ ಮಾಡಿ, ಎರಡರ ನಡುವೆ ಕೆಲವು ಗಂಟೆ ಬಿಟ್ಟರೆ ನಮ್ಮಂಥವರಿಗೆ ಸಾಕು.

ನನ್ನ ಪ್ಲ್ಯಾನನ್ನು ನಿಜವಾಗಿ ಬದಲಿಸಿದ್ದು 2011ರ ಇನ್ನೊಂದು ಅಧ್ಯಯನ. 16 ವಾರ ವಾರಕ್ಕೆ ಮೂರು ದಿನ ಭಾರ ಎತ್ತಿಸಿ, ಆಮೇಲೆ 32 ವಾರ ಕೆಲವರಿಗೆ ಅದರ ಮೂರನೇ ಒಂದು ಭಾಗ, ಕೆಲವರಿಗೆ ಒಂಬತ್ತನೇ ಒಂದು ಭಾಗ ಮಾತ್ರ ಮಾಡಿಸಿದರು. ಚಿಕ್ಕ ವಯಸ್ಸಿನವರಲ್ಲಿ ಎರಡೂ ಗುಂಪಿನವರ ಸ್ನಾಯು ಉಳಿಯಿತು. ಅರವತ್ತು ದಾಟಿದವರಿಗೆ ಮಾತ್ರ ಅಷ್ಟು ಸಾಲಲಿಲ್ಲ. ಅಂದರೆ ಸ್ನಾಯು ಬೆಳೆಸಲು ಬೇಕಾದ ಕೆಲಸ ಬೇರೆ, ಇದ್ದದ್ದನ್ನು ಕಾಯಲು ಬೇಕಾದ ಕೆಲಸ ಬೇರೆ, ಮತ್ತು ಕಾಯುವ ಕೆಲಸ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಒಂದೇ ಷರತ್ತು: ಸೆಟ್ ಕಡಿಮೆ ಮಾಡಿ, ಬಾರ್ ಮೇಲಿನ ಭಾರ ಕಡಿಮೆ ಮಾಡಬೇಡಿ. ಓಟಗಾರರು ಜಿಮ್ಮಿಗೆ ಬಂದು ಎಂಟು ಕೆಜಿ ಡಂಬೆಲ್ ಹಿಡಿದು ಮೂವತ್ತು ಸಲ ಎತ್ತುತ್ತಾರಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸಾವಿರ ಸಲ ಹಗುರವಾಗಿ ಕಾಲೆತ್ತುವ ಕೆಲಸ ಓಟದಲ್ಲೇ ಆಗುತ್ತದಲ್ವಾ?

ಹೊಸ ವಾರ ಹೀಗಾಯಿತು. ಮಂಗಳವಾರ ಬೆಳಿಗ್ಗೆ ಏರಿನ ಓಟ, ಅವತ್ತೇ ಸಂಜೆ, ಕನಿಷ್ಠ ಆರು ಗಂಟೆ ಬಿಟ್ಟು, ಕಾಲಿನ ಭಾರ: 115 ಕೆಜಿಯಲ್ಲಿ ಐದೈದು ಸಲದ ಮೂರು ಸೆಟ್ ಸ್ಕ್ವಾಟ್, ಪ್ರತಿ ಸೆಟ್ಟಿನಲ್ಲೂ ಇನ್ನೆರಡು ಎತ್ತಬಹುದಿತ್ತು ಅನ್ನುವಾಗಲೇ ನಿಲ್ಲಿಸಿ, ಎರಡು ಸೆಟ್ ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಹೆಚ್ಚು ಮಡಚದೆ ಸೊಂಟದಿಂದ ಬಗ್ಗಿ ಎತ್ತುವುದು), ಆಮೇಲೆ ಮೀನಖಂಡ. ಬುಧವಾರ ಏನೂ ಇಲ್ಲ. ಗುರುವಾರ ನಿಧಾನದ 10 ಕಿಲೋಮೀಟರ್. ಶುಕ್ರವಾರ ಮೈಯ ಮೇಲ್ಭಾಗಕ್ಕೆ 45 ನಿಮಿಷ: ಪುಲ್‌ಅಪ್ (ಕಂಬಿಗೆ ಜೋತು ಮೈ ಎತ್ತುವುದು), ಬೆಂಚ್, ರೋ (ಭಾರವನ್ನು ಮೈ ಕಡೆಗೆ ಎಳೆಯುವುದು). ಶನಿವಾರ ದೂರದ ಓಟ, ಭಾನುವಾರ ಸೋತ ಕಾಲಲ್ಲೇ ಅದರ ಅರ್ಧದಷ್ಟು. ಸೋಮವಾರ ಮಲಗುವುದು.

ಒಂದೇ ದಿನ ಏರಿನ ಓಟವೂ ಸ್ಕ್ವಾಟೂ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೇರೆ ಬೇರೆ ದಿನ ಹಂಚಿದರೆ ಕಾಲಿಗೆ ವಾರದ ನಡುವೆ ಪೂರ್ತಿ ಬಿಡುವು ಸಿಗಲ್ಲ, ಅದಕ್ಕೆ. ಹಾಳಾಗುವ ದಿನ ಪೂರ್ತಿ ಹಾಳಾಗಲಿ, ಮರುದಿನ ಪೂರ್ತಿ ಸುಧಾರಿಸಲಿ. ಮಂಗಳವಾರ ಸಂಜೆ ಸ್ಕ್ವಾಟ್ ಸ್ವಲ್ಪ ಮಂಕಾಗಿರುತ್ತಿತ್ತು. ಒಪ್ಪಿಕೊಂಡೆ. ಆದರೆ ಶನಿವಾರಕ್ಕೆ ಕಾಲು ತಾಜಾ ಇರುತ್ತಿತ್ತು, ನಾನು ಹೆಸರು ಕೊಟ್ಟದ್ದು ಓಟಕ್ಕೆ ತಾನೇ.

ಮೀನಖಂಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಅದನ್ನು ಎಂಟು ವರ್ಷ ಮುಟ್ಟಿಯೇ ಇರಲಿಲ್ಲ. ಅದರ ಒಳಪದರದ ಸೋಲಿಯಸ್ ಸ್ನಾಯು ಓಡುವಾಗ ಮೈತೂಕದ ಆರರಿಂದ ಎಂಟು ಪಟ್ಟು ಬಲ ತಾಳುತ್ತದೆ ಅಂತಾರೆ, ಅದೂ ಪ್ರತಿ ಹೆಜ್ಜೆಗೆ. 140 ಸ್ಕ್ವಾಟ್ ಮಾಡುವ ತೊಡೆಯ ಕೆಳಗೆ ಕಡ್ಡಿಯಂಥ ಮೀನಖಂಡ ಇಟ್ಟುಕೊಂಡು ಗುಡ್ಡ ಹತ್ತಲು ಹೋದರೆ ಏನಾಗಬೇಕೋ ಅದೇ ಆಗಿತ್ತು. ಮಂಡಿ ನೆಟ್ಟಗಿಟ್ಟು ಎತ್ತುವುದು ಒಂದು, ಕೂತು ಮಂಡಿ ಮಡಚಿ ಎತ್ತುವುದು ಇನ್ನೊಂದು, ಎರಡೂ ಬೇಕು. ಮಡಚಿದಾಗಲೇ ಸೋಲಿಯಸ್‌ಗೆ ಪೂರ್ತಿ ಕೆಲಸ ಬೀಳುವುದು. ಸ್ನಾಯುವಿಗಿಂತ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದ್ದರಿಂದ ಇಲ್ಲಿ ಅವಸರ ಮಾಡಲಿಲ್ಲ.

ಇಳಿಜಾರು ಇನ್ನೊಂದು ಪಾಠ. ಇಷ್ಟು ಬಲವಾದ ತೊಡೆ ಇರುವಾಗ ಇಳಿಯುವುದು ಯಾವ ಲೆಕ್ಕ ಅಂದುಕೊಂಡು ಮೊದಲ ಸಲ ಎಂಟು ಕಿಲೋಮೀಟರ್ ಧಡಧಡ ಇಳಿದೆ. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಇಳಿಜಾರಿನಲ್ಲಿ ತೊಡೆ ಬಿಗಿಯಾಗಿರುತ್ತಲೇ ಉದ್ದವಾಗುತ್ತಾ ಹೋಗುತ್ತದೆ, ಜಾಸ್ತಿ ಪೆಟ್ಟು ಬೀಳುವುದು ಹಾಗೆಯೇ. ಒಳ್ಳೆಯ ಸುದ್ದಿ ಏನೆಂದರೆ ಅದೇ ಪೆಟ್ಟು ಎರಡನೇ ಸಲ ಅಷ್ಟು ನೋಯಿಸಲ್ಲ, ಮೈ ಬೇಗ ಕಲಿಯುತ್ತದೆ. ಎರಡು ವಾರಕ್ಕೊಮ್ಮೆ ಬೇಕೆಂದೇ ಇಳಿಜಾರು ಓಡಿದೆ, ಸ್ಕ್ವಾಟಿನಲ್ಲಿ ಕೆಳಗೆ ಹೋಗಲು ಮೂರು ಸೆಕೆಂಡ್ ತೆಗೆದುಕೊಂಡೆ.

ಈಗ ಊಟ. ಸ್ನಾಯು ಹೋಗುವುದು ಉಳಿಯುವುದು ನಿರ್ಧಾರವಾಗುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಓಟದ ಸ್ಥೂಲ ಲೆಕ್ಕ ಸುಲಭ: ಒಂದು ಕೆಜಿ ಮೈತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು ಒಂದು ಕಿಲೋಕ್ಯಾಲೊರಿ. 82 ಕೆಜಿಯವನು 30 ಕಿಲೋಮೀಟರ್ ಓಡಿದರೆ 2,460. ಅದು ದಿನದ ಮಾಮೂಲಿ ಊಟದ ಮೇಲೆ! ಉದ್ದ ಓಟದ ನಂತರ ನನಗೆ ಹಸಿವೇ ಆಗುತ್ತಿರಲಿಲ್ಲ, ಒಂದು ಪ್ರೋಟೀನ್ ಶೇಕ್ ಕುಡಿದು ಸಾಕು ಅಂದುಕೊಂಡು ಮಲಗುತ್ತಿದ್ದೆ. ಹನ್ನೆರಡನೇ ವಾರಕ್ಕೆ ತೂಕ 78.5. ಕನ್ನಡಿಯಲ್ಲಿ ತೋಳು ಗಾಳಿ ಬಿಟ್ಟ ಬಲೂನಿನ ಹಾಗೆ. ಆಯಿತು, ಎಲ್ಲ ಹೋಯಿತು ಅಂದುಕೊಂಡೆ.

ಎಲ್ಲ ಹೋಗಿರಲಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದು ಖಾಲಿಯಾದರೆ ನೀರೂ ಹೋಗುತ್ತದೆ, ಸ್ನಾಯು ಚಪ್ಪಟೆಯಾಗಿ ಕಾಣುತ್ತದೆ, ತೂಕದ ಯಂತ್ರ ಹೆದರಿಸುತ್ತದೆ. ನಾಲ್ಕು ದಿನ ಕಾರ್ಬ್ (ಕಾರ್ಬೋಹೈಡ್ರೇಟ್) ಹೊಟ್ಟೆ ತುಂಬಾ ತಿಂದೆ, ಒಂದೂವರೆ ಕೆಜಿ ವಾಪಸ್ ಬಂತು, ತೋಳೂ ಬಂತು. ಅಂದಿನಿಂದ ಕನ್ನಡಿಯನ್ನು ನಂಬುವುದು ಬಿಟ್ಟು ಬಾರನ್ನು ನಂಬಿದೆ. ಮಂಗಳವಾರ 115 ಐದು ಸಲ ಏಳುತ್ತಿದೆಯಾ? ಹಾಗಾದರೆ ಸ್ನಾಯು ಅಲ್ಲೇ ಇದೆ.

ಪ್ರೋಟೀನ್ ಕೆಜಿಗೆ 1.6ರಿಂದ 2 ಗ್ರಾಂ, ಅಂದರೆ ನನಗೆ ದಿನಕ್ಕೆ 130ರಿಂದ 160, ನಾಲ್ಕು ಹೊತ್ತಿಗೆ ಹಂಚಿ. ಇದನ್ನು ಜಿಮ್ಮಿನವರಿಗೆ ಹೇಳಿಕೊಡಬೇಕಾಗಿಲ್ಲ. ನಮಗೆ ಬರದೇ ಇರುವುದು ಕಾರ್ಬ್ ತಿನ್ನುವುದು, ಅದರಲ್ಲೂ ಓಡುತ್ತಾ ತಿನ್ನುವುದು. ಗಂಟೆಗೆ 30 ಗ್ರಾಮಿನಿಂದ ಶುರು ಮಾಡಿ ಮೂರು ತಿಂಗಳಲ್ಲಿ 60ಕ್ಕೆ ಬಂದೆ. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ 60 ಗ್ರಾಮಿನ ಆಸುಪಾಸಿನಲ್ಲಿ ಸಾಕು ಅನ್ನುತ್ತದೆ, ಫ್ರಕ್ಟೋಸ್ ಸೇರಿಸಿದರೆ ಅದಕ್ಕೆ ಬೇರೆ ಬಾಗಿಲು ಇರುವುದರಿಂದ 90ರವರೆಗೂ ಹೋಗಬಹುದು. ಒಂದು ಶನಿವಾರ ಒಮ್ಮೆಗೇ 80ಕ್ಕೆ ಹಾರಿ 28ನೇ ಕಿಲೋಮೀಟರಿನಲ್ಲಿ ಪೊದೆಯ ಪಕ್ಕ ಬಗ್ಗಿ ನಿಂತೆ. ಹೊಟ್ಟೆಯನ್ನೂ ಸ್ನಾಯುವಿನ ಹಾಗೆ ಮೆಲ್ಲಗೆ ಪಳಗಿಸಬೇಕು.

ಕಡಿಮೆ ತಿಂದು ಜಾಸ್ತಿ ಓಡುವುದು ಬರೀ ತೋಳಿನ ಪ್ರಶ್ನೆಯೂ ಅಲ್ಲ. ಸದಾ ಚಳಿ, ಸಿಡುಕು, ಕಾಮಾಸಕ್ತಿ ಸತ್ತ ಹಾಗೆ, ಹೆಂಗಸರಿಗೆ ಮುಟ್ಟು ನಿಲ್ಲುವುದು, ಇವೆಲ್ಲ ಮೈ ಬಾಗಿಲು ಹಾಕಿಕೊಳ್ಳುತ್ತಿರುವ ಗುರುತು. ಇದರಲ್ಲಿ ಮೊದಲ ಎರಡು ನನಗೂ ಬಂದಿದ್ದವು. ಇದಕ್ಕೆ ಛಲ ಔಷಧಿಯಲ್ಲ, ಡಾಕ್ಟರ ಹತ್ತಿರ ಹೋಗಿ.

ಪ್ರತಿ ನಾಲ್ಕನೇ ವಾರ ಓಟವನ್ನೂ ಭಾರವನ್ನೂ ಒಟ್ಟಿಗೆ ಇಳಿಸಿದೆ. ಮೊದಲೆಲ್ಲ ಓಟ ಕಡಿಮೆ ಇರುವ ವಾರ "ಕಾಲು ಫ್ರೆಶ್ ಇದೆ" ಅಂತ ಸ್ಕ್ವಾಟ್ ಏರಿಸುತ್ತಿದ್ದೆ. ಬಲಗೈಯಲ್ಲಿ ಉಳಿಸಿದ್ದನ್ನು ಎಡಗೈಯಲ್ಲಿ ಖರ್ಚು ಮಾಡಿದ ಹಾಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಕಾಲಿನ ವಿಷಯದಲ್ಲಿ ಇಷ್ಟು ನಿಜ ಅಂತ ಗೊತ್ತಿರಲಿಲ್ಲ. ಅತಿ ಹೆಚ್ಚು ಓಡಿದ ವಾರ 76 ಕಿಲೋಮೀಟರ್. ಓಟಕ್ಕೆ 12 ದಿನ ಮುಂಚೆ ಕೊನೆಯ ಭಾರದ ಸ್ಕ್ವಾಟ್. ಆಮೇಲೆ ಬರೀ ಚಡಪಡಿಕೆ.

ಓಟದ ದಿನದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಏರನ್ನೆಲ್ಲ ನಡೆದೆ, ಗಂಟೆಗೆ 60 ಗ್ರಾಂ ತಿಂದೆ, 38ನೇ ಕಿಲೋಮೀಟರಿನ ಹೊತ್ತಿಗೆ ತೊಡೆಯ ಒಳಭಾಗ ಸೆಳೆದುಕೊಂಡಿತು, ಉಜ್ಜಿ ಗಾಯವಾದ ಜಾಗಗಳ ಹೆಸರು ಇಲ್ಲಿ ಬೇಡ. ಅಗಲ ತೊಡೆಯವರು ವ್ಯಾಸಲೀನ್ ಮರೆಯಬೇಡಿ. ನೋವಿನ ಮಾತ್ರೆ ಕೊಡಲು ಬಂದವರಿಗೆ ಬೇಡ ಅಂದೆ. ನೀರು ಬತ್ತಿದ ಮೈಯಲ್ಲಿ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಭಾರ. 7 ಗಂಟೆ 22 ನಿಮಿಷ. ಕೊನೆಯ ಏರಿನಲ್ಲಿ ಸುತ್ತಮುತ್ತ ಎಲ್ಲರ ಬೆನ್ನೂ ಬಾಗಿತ್ತು, ನನ್ನದು ನೆಟ್ಟಗಿತ್ತು. ಡೆಡ್‌ಲಿಫ್ಟಿನ ಉಪಯೋಗ ಕಂಡದ್ದು ಅಲ್ಲಿ.

ಹತ್ತು ದಿನ ಬಾರ್ ಮುಟ್ಟಲಿಲ್ಲ. ಅಷ್ಟು ಪೆಟ್ಟು ತಿಂದ ಸ್ನಾಯುವಿನ ಮೇಲೆ ತಕ್ಷಣ ಭಾರ ಹೇರುವುದು ಅಪಾಯ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಮೂರು ವಾರಕ್ಕೆ ಪರೀಕ್ಷೆ ಮಾಡಿದಾಗ ಸ್ಕ್ವಾಟ್ 130, ಡೆಡ್‌ಲಿಫ್ಟ್ 165, ತೂಕ 80. ತೊಡೆ 60. ಆರು ತಿಂಗಳು ಹೆದರಿದ್ದು ಆ ಅರ್ಧ ಸೆಂಟಿಮೀಟರಿಗೆ. ಏಳನೇ ವಾರಕ್ಕೆ 140 ಮತ್ತೆ ಎದ್ದಿತು. ಬೆಂಚ್ ಮಾತ್ರ 92.5ಕ್ಕೆ ಇಳಿದು, ಈಗ 95ರಲ್ಲಿ ಕೂತಿದೆ. ಅದಕ್ಕೆ ಓಟವನ್ನು ದೂರುವ ಹಾಗಿಲ್ಲ. "ನಾಳೆ ದೂರದ ಓಟ ಇದೆ" ಅಂತ ನೆಪ ಹೇಳಿ ಎಷ್ಟೋ ಶುಕ್ರವಾರ ಎರಡೇ ಸೆಟ್ ಮಾಡಿ ಮನೆಗೆ ಓಡಿದವನು ನಾನೇ.