ಮನಿ ಗಡಿಯಾರಕ್ಕ ಸೆಕೆಂಡ್ ಸಮೇತ ಸರಿ ಟೈಮ್ ಇಡೋದು ಹ್ಯಾಂಗ

ತತ್ಕಾಲ್ ಟಿಕೆಟ್ ತೆಗೆಯೋರಿಗೆ ಗೊತ್ತದ, ಮುಂಜಾನಿ 10ಕ್ಕ ಎಸಿ, 11ಕ್ಕ ಸ್ಲೀಪರ್ ಓಪನ್ ಆಗ್ತದ, ಹಬ್ಬದಾಗ ಕಲಬುರಗಿಯಿಂದ ಬೆಂಗಳೂರಿಗೆ ಹೋಗ್ಬೇಕಂದ್ರ ಅರ್ಧ ನಿಮಿಷ ತಡ ಆದ್ರೂ ವೇಟಿಂಗ್ ಲಿಸ್ಟೇ ಗತಿ. ನಮ್ಮ ಮನ್ಯಾಗ ಅವ್ವ ಗೋಡೆ ಗಡಿಯಾರ ಐದು ನಿಮಿಷ ಮುಂದ ಇಟ್ಟಿರ್ತಾಳ, ನನ್ನ ಕೈಗಡಿಯಾರ ಹಿಂದ ಓಡ್ತಿತ್ತು, ಹಿಂಗಾಗಿ ಒಮ್ಮೆ ಕುಂತು ಎಲ್ಲಾ ಸರಿ ಮಾಡಿದೆ.

ಮೊದ್ಲು ಫೋನ್ ನೋಡ್ರಿ. ಸೆಟ್ಟಿಂಗ್ಸ್‌ನಾಗ ಡೇಟ್ ಆಂಡ್ ಟೈಮ್ ಆಟೋಮ್ಯಾಟಿಕ್ ಆನ್ ಇದ್ರ ಸಾಕು. ಕಂಪ್ಯೂಟರ್ ಇದ್ದೋರು ಕಂಟ್ರೋಲ್ ಪ್ಯಾನೆಲ್‌ನಾಗ ಇಂಟರ್ನೆಟ್ ಟೈಮ್‌ಗೆ ಹೋಗಿ ಸರ್ವರ್ ಹೆಸ್ರಿನ ಜಾಗಾದಾಗ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಓಆರ್‌ಜಿ ಅಂತ ಇಂಗ್ಲಿಷ್‌ನಾಗ ಹಾಕಿ ಅಪ್‌ಡೇಟ್ ಒತ್ರಿ. ಅದು ದಿಲ್ಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿದು, ನಮ್ಮ ದೇಶದ ಟೈಮ್ ಕಾಯೋದೇ ಅವ್ರ ಕೆಲ್ಸ, ಅಲ್ಲಿ ಪರಮಾಣು ಗಡಿಯಾರ ಅವ.

ಈ ಪರಮಾಣು ಗಡಿಯಾರ ಅಂದ್ರ ಏನಂದ್ರ, ಸೀಸಿಯಂ-133 ಅನ್ನೋ ಪರಮಾಣು ಒಂದು ಶಕ್ತಿ ಮಟ್ಟದಿಂದ ಇನ್ನೊಂದಕ್ಕ ಹಾರಬೇಕಾದ್ರ ಒಂದೇ ಒಂದು ಮೈಕ್ರೋವೇವ್ ಅದಕ್ಕ ಒಪ್ತದ, ಆ ಅಲೆ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಬಡ್ಕೊಂಡ್ರ ಒಂದು ಸೆಕೆಂಡ್, 1967ರಾಗ ಇಡೀ ಜಗತ್ತು ಒಪ್ಪಿದ ಲೆಕ್ಕ ಇದು. ಮನಿ ಗಡಿಯಾರದಾಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಅಷ್ಟೇ ನಡಗ್ತದ, ಅದೂ ಬಿಸಿಲಿಗೆ ನಿಧಾನ ಆಗ್ತದ. ನಮ್ಮ ಕಡಿ ಮೇ ತಿಂಗಳ 42 ಡಿಗ್ರಿಯೊಳಗ ದಿನಕ್ಕ ಹತ್ತತ್ರ ಒಂದು ಸೆಕೆಂಡ್ ಹಿಂದ ಬೀಳೋದು ಅದಕ್ಕೇ. ಸೀಸಿಯಂ ಪರಮಾಣು ಮಾತ್ರ ದಿಲ್ಲಿಯಾಗಿಂದೂ ಒಂದೇ ಪ್ಯಾರಿಸ್‌ನಾಗಿಂದೂ ಒಂದೇ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ, ನನಗ ಇದ್ರಾಗ ಭಾಳ ಸೇರಿದ್ದು ಇದೇ.

ಈಗ ಗೋಡೆ ಗಡಿಯಾರ. ಕೆಳಗ ಇಳಿಸಿ ಹಿಂದಿನ ಸೆಲ್ ಮ್ಯಾಗ ಬೆರಳಿಡ್ರಿ, ಸೆಕೆಂಡ್ ಮುಳ್ಳು ನೆಟ್ಟಗ 12ರ ಮ್ಯಾಗ ಬಂದ ಕೂಡ್ಲೆ ಸೆಲ್ ಕೀಳ್ರಿ. ಹಿಂದಿನ ಗಾಲಿ ತಿರುವಿ ನಿಮಿಷದ ಮುಳ್ಳನ್ನ ಬರೋ ನಿಮಿಷದ ಗೆರಿಗೆ ಸರಿಯಾಗಿ ಕೂಡ್ಸ್ರಿ, ಎರಡು ಗೆರಿ ನಡುವ ಬಿಟ್ರ ಆಮ್ಯಾಲೆ ತಲಿಬ್ಯಾನಿ. ಸೆಲ್‌ನ ಒಂದು ತುದಿ ಸ್ಪ್ರಿಂಗಿಗೆ ಹಚ್ಚಿ ಕಾಯ್ರಿ, ಕಂಪ್ಯೂಟರ್‌ನಾಗ 58, 59 ಆಗಿ ಸೊನ್ನೆ ಬೀಳ್ತಿದ್ದಂಗ ಒತ್ರಿ. ಕೈಗಡಿಯಾರಕ್ಕ ಕೀಲಿ ಹೊರಗ ಎಳದ್ರ ಮುಳ್ಳು ನಿಲ್ತದ, ಅದ್ರದು ಸಸಾರ.

ನಮ್ಮ ಅಜ್ಜ ನೆರಳು ನೋಡಿ ಮಧ್ಯಾಹ್ನ ಆಯ್ತು ಅಂತಿದ್ದ. ಅದು ಸುಳ್ಳಲ್ಲ, ಆದ್ರ ಅದು ಕಲಬುರಗಿ ಸೂರ್ಯನ ಮಧ್ಯಾಹ್ನ. ಭಾರತದ ಟೈಮ್ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕ ಇದ್ದೀವಿ, ಹಂಗಾಗಿ ಇಲ್ಲಿ ಕೋಲಿನ ನೆರಳು ಎಲ್ಲಕಿಂತ ಸಣ್ಣದಾಗೋದು ಫೆಬ್ರವರಿಯಾಗ 12:37ರ ಸುತ್ತ, ನವೆಂಬರ್ ಮೊದಲ ವಾರದಾಗ 12:06ರ ಸುತ್ತ. ಬೀದರ್‌ನಾಗ ಎರಡು ಮೂರು ನಿಮಿಷ ಮೊದ್ಲು.

ಇಟ್ಟ ದಿನದ ತಾರೀಖು ಗಡಿಯಾರದ ಹಿಂದ ಪೆನ್ಸಿಲ್‌ಲೆ ಬರೀರಿ, ತಿಂಗಳಾದ ಮ್ಯಾಲೆ ಎಷ್ಟು ಸೆಕೆಂಡ್ ತಪ್ಪೇದ ನೋಡಿ ಅದ್ರ ಬಾಜೂಕ ಬರೀರಿ. ನಮ್ಮದು ಮೊದಲ್ನೇ ತಿಂಗಳ 11 ಸೆಕೆಂಡ್ ಹಿಂದ ಬಿದ್ದಿತ್ತು.