ಕಡಲ ತೊಟ್ಟಿಯ ಕಲ್ಲು-ಮರಳು ಬದಲಿಸುವುದು: ಒಂದೇ ಭಾನುವಾರದ ಕೆಲಸವಲ್ಲ

ಮಡಿಕೇರಿಯ ಚಳಿಯಲ್ಲಿ ಕುಳಿತು ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವವರು ಹೆಚ್ಚಿಲ್ಲ. ನನಗೆ ಗೊತ್ತಿರುವ ಕೆಲವೇ ಮಂದಿಯಲ್ಲಿ ಇಬ್ಬರು ನನ್ನ ಕಣ್ಣೆದುರೇ ತೊಟ್ಟಿ ಹಾಳುಮಾಡಿಕೊಂಡರು. ಇಬ್ಬರದೂ ಒಂದೇ ಕತೆ. ಐದು ವರ್ಷದ ಹಳೆಯ ಟ್ಯಾಂಕ್, ಕಲ್ಲಿನ ಮೇಲೆ ಕೂದಲಿನಂಥ ಪಾಚಿ, ಗಂಟುಕಟ್ಟಿದ ಮರಳು. ಭಾನುವಾರ ಬೆಳಿಗ್ಗೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಹಳೆಯದನ್ನೆಲ್ಲ ಹೊರಗೆ ಸುರಿದು, ಸಂಜೆಯೊಳಗೆ ಹೊಸದನ್ನು ತುಂಬಿ ನನಗೆ ಫೋಟೊ ಕಳಿಸಿದರು. ಫೋಟೊ ಚೆನ್ನಾಗಿಯೇ ಇತ್ತು. ಗುರುವಾರದ ಹೊತ್ತಿಗೆ ಕ್ಲೌನ್ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿತ್ತು.

ಮೀನಿನ ಹಿಕ್ಕೆ ಮತ್ತು ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬದುಕುವುದು ಹೆಚ್ಚಾಗಿ ಕಲ್ಲಿನ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ. ನೀರಿನಲ್ಲಿ ತೇಲುವುದು ತೀರ ಕಡಿಮೆ. ಹಳೆಯ ನೀರನ್ನು ಜೋಪಾನವಾಗಿ ಉಳಿಸಿಕೊಂಡು ಕಲ್ಲು-ಮರಳನ್ನು ಎಸೆಯುವವರು ಕಾಫಿಪುಡಿ ಎಸೆದು ಚರಟ ಇಟ್ಟುಕೊಂಡಂತೆ. ಮೇಲಾಗಿ ಈ ನೀರಿನ ಪಿಎಚ್ 8ಕ್ಕಿಂತ ಹೆಚ್ಚಿರುವುದರಿಂದ ಅಮೋನಿಯಾದ ವಿಷ ಇನ್ನೂ ತೀವ್ರ. ಆದ್ದರಿಂದ ಮರಳು ಮೊದಲು, ಕಲ್ಲು ಆಮೇಲೆ, ನಡುವೆ ವಾರಗಳ ಬಿಡುವು. ಒಟ್ಟು ಮೂರು-ನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಪಾಚಿಯನ್ನೇ ನೋಡಿಕೊಂಡಿರುವುದು ಮೇಲು.

ಹೆಜ್ಜೆ 1: ಕಾಲ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಅರ್ಧ ಬಿಚ್ಚಿದ ತೊಟ್ಟಿ ಉಳಿಯುವುದಿಲ್ಲ. ಪುತ್ತರಿ ಮುಗಿದ ಮೇಲೆ ಶುರುಮಾಡಿ. ಕಾಫಿ ಕೊಯ್ಲಿನ ಗಡಿಬಿಡಿ ಇರುವವರಿಗೂ ವಾರಕ್ಕೆ ಒಂದು ಗಂಟೆ ಸಿಕ್ಕೀತು.

ಹೆಜ್ಜೆ 2: ಬಕೆಟ್ ಎಲ್ಲಿಂದ ಬಂತು ಎಂದು ಕೇಳಿ

ಕೊಡಗಿಗೆ ಇದು ಮುಖ್ಯ. ತೋಟದ ಮನೆಯಲ್ಲಿ ಸಿಗುವ ಡ್ರಮ್ಮು, ಬಕೆಟ್ಟುಗಳಲ್ಲಿ ಅರ್ಧದಷ್ಟು ಎಂದೋ ಒಮ್ಮೆ ಬೋರ್ಡೋ ದ್ರಾವಣ (ರೋಗ ತಡೆಯಲು ಗಿಡಕ್ಕೆ ಹಾಕುವ ಮೈಲುತುತ್ತ-ಸುಣ್ಣದ ಮಿಶ್ರಣ) ಕಂಡಿರುತ್ತವೆ. ಮೈಲುತುತ್ತದಲ್ಲಿರುವುದು ತಾಮ್ರ. ಸೀಗಡಿ, ಬಸವನಹುಳು, ಹವಳಗಳಿಗೆ ಅದರ ಲವಲೇಶವೂ ಮಾರಕ. ತೊಳೆದರೆ ಹೋಯಿತು ಎಂದು ನಂಬಬೇಡಿ. ಹೊಸ ಬಕೆಟ್ ಕೊಂಡು, ಮೇಲೆ ದೊಡ್ಡದಾಗಿ ‘ಉಪ್ಪುನೀರು’ ಎಂದು ಬರೆದಿಡಿ. ಇಲ್ಲದಿದ್ದರೆ ಮುಂದಿನ ಮೇ ತಿಂಗಳಲ್ಲಿ ಅದೂ ಮೆಣಸಿನ ಬಳ್ಳಿಯ ಬುಡಕ್ಕೆ ಹೋಗುತ್ತದೆ.

ಹೆಜ್ಜೆ 3: ಹೊಸ ಸಾಮಗ್ರಿ

ಹವಳದ ಕಲ್ಲು ತಂದುಕೊಡುತ್ತೇನೆ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ಮಾರುವುದು ಅಪರಾಧ. ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ರಂಧ್ರಗಳುಳ್ಳ ಒಣಕಲ್ಲು ಸಾಕು. ಹೊಳೆಯ ಕಲ್ಲು ನೋಡಲು ಸೊಗಸು, ಆದರೆ ಒಳಗೆ ರಂಧ್ರವಿಲ್ಲ.

ಮರಳು ಅರಾಗೊನೈಟ್, ಅಂದರೆ ಸುಣ್ಣದಂಶದ ಮರಳು, ಆಗಿರಲಿ. ಪರೀಕ್ಷೆ ಸುಲಭ: ಒಂದು ಚಮಚ ಮರಳಿಗೆ ವಿನೆಗರ್ ಹಾಕಿದರೆ ಗುಳ್ಳೆ ಏಳಬೇಕು. ಕಾವೇರಿ ಮರಳಿಗೆ ಏಳುವುದಿಲ್ಲ. ಬಣ್ಣ ಹಾಕಿದ ಮರಳನ್ನು ಮುಟ್ಟಲೇಬೇಡಿ. ನೀಲಿ ಮರಳಿನ ಪ್ಯಾಕೆಟ್ಟಿನ ಮೇಲೆ ಕಡಲಿನ ಚಿತ್ರವಿದ್ದ ಮಾತ್ರಕ್ಕೆ ಅದು ಕಡಲಿನದಾಗುವುದಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಗೆ ಮೂರು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 25 ಕಿಲೊ ಬೇಕು. ಅದಕ್ಕಿಂತ ದಪ್ಪ ಬೇಡ.

ಹೆಜ್ಜೆ 4: ಕಲ್ಲನ್ನು ಹದಗೊಳಿಸುವುದು

ಹೊಸ ಕಲ್ಲನ್ನು ತೊಳೆದು, ಮುಚ್ಚಳವಿರುವ ಟಬ್ಬಿನಲ್ಲಿ ಉಪ್ಪುನೀರು, ಹೀಟರ್, ಪಂಪ್‌ನೊಂದಿಗೆ ಕತ್ತಲೆಯಲ್ಲಿಡಿ. ಹಳೆಯ ತೊಟ್ಟಿಯ ಪಾಚಿಯಿಲ್ಲದ ಕಲ್ಲಿನ ಚೂರೊಂದನ್ನು ಹೆಪ್ಪಿನಂತೆ ಜೊತೆಗೆ ಹಾಕಿ. ಅಂಗಡಿಯ ಬಾಟಲಿ ಬ್ಯಾಕ್ಟೀರಿಯಾ ಈ ಹೆಪ್ಪಿಗೆ ಸಾಟಿಯಲ್ಲ. ‘ಇಂದೇ ಸುರಿಯಿರಿ, ಇಂದೇ ಮೀನು ಬಿಡಿ’ ಎಂದು ಬರೆದ ಬಾಟಲಿಯೊಂದು ಬೇಸಿಗೆಯಲ್ಲಿ ಪಾರ್ಸಲ್ ಆಗಿ ನನ್ನ ಮನೆಗೂ ಬಂದಿತ್ತು. ಮುಚ್ಚಳ ತೆರೆದಾಗಿನ ನಾತವೇ ಅದರ ಗತಿಯನ್ನು ಹೇಳಿತು.

ಒಂದೂವರೆಯಿಂದ ಎರಡು ತಿಂಗಳು ಬಿಡಿ; ಅಷ್ಟರಲ್ಲಿ ಹೆಜ್ಜೆ 5ರ ಕೆಲಸ ನಡೆಯಲಿ. ಟಬ್ಬಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕಿದರೆ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಬೇಕು. ಇಳಿದರೆ ಕಲ್ಲು ಸಿದ್ಧ.

ಹೆಜ್ಜೆ 5: ಹಳೆಯ ಮರಳು ತೆಗೆಯುವುದು

ಎಲ್ಲರೂ ಎಡವುವುದು ಇಲ್ಲಿ. ಕೈಯಿಂದ ಬಾಚುತ್ತಾರೆ, ಇಲ್ಲವೇ ಡಬ್ಬಿಯಿಂದ ಮೊಗೆಯುತ್ತಾರೆ. ವರ್ಷಗಟ್ಟಲೆ ಅಡಿಯಲ್ಲಿ ಕೂತಿದ್ದ ಕೊಳೆ ಒಮ್ಮೆಲೇ ಮೇಲೇಳುತ್ತದೆ. ದಪ್ಪ ಮರಳಿನ ತಳದಲ್ಲಿ ಗಾಳಿಯಾಡದೆ ಹೈಡ್ರೋಜನ್ ಸಲ್ಫೈಡ್ ಕೂಡ ಕೂತಿರಬಹುದು: ಕಪ್ಪು ಕಲೆ, ಕೊಳೆತ ಮೊಟ್ಟೆಯ ವಾಸನೆ. ಮರಳನ್ನು ಕದಡಬಾರದು, ಹೀರಬೇಕು.

ಹಿಂದಿನ ದಿನವೇ ಹೊಸ ಉಪ್ಪುನೀರು ಕಲಸಿಡಿ. 20 ಲೀಟರ್ ಆರ್‌ಓ ನೀರಿಗೆ ಸುಮಾರು 700 ಗ್ರಾಂ ಕಡಲ ಅಕ್ವೇರಿಯಂನ ಉಪ್ಪು (ಮರೀನ್ ಸಾಲ್ಟ್). ಅಡುಗೆಯ ಉಪ್ಪು ಅಲ್ಲ. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25-26 ಡಿಗ್ರಿ. ಚಳಿಗಾಲದಲ್ಲಿ ನೆಲದ ಮೇಲಿಟ್ಟ ಬಕೆಟ್ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ, ಅದಕ್ಕೂ ಒಂದು ಹೀಟರ್ ಇರಲಿ.

ತೊಟ್ಟಿಯ ಹೀಟರ್ ಮತ್ತು ಪಂಪ್‌ಗಳನ್ನು ಆರಿಸಿ. ನೀರು ಇಳಿದಾಗ ಬಿಸಿ ಹೀಟರ್ ಗಾಳಿಗೆ ತೆರೆದುಕೊಂಡರೆ ಗಾಜು ಸಿಡಿಯುತ್ತದೆ. ಮುಕ್ಕಾಲು ಇಂಚಿನ ಪಾರದರ್ಶಕ ಪೈಪ್ ತೆಗೆದುಕೊಳ್ಳಿ. ಅದಕ್ಕಿಂತ ಸಣ್ಣದು ಕಟ್ಟಿಕೊಳ್ಳುತ್ತದೆ, ದೊಡ್ಡದಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಕೆಟ್ ತುಂಬುತ್ತದೆ. ತೊಟ್ಟಿಯ ತಳವನ್ನು ಮನಸ್ಸಿನಲ್ಲೇ ಐದು ಪಟ್ಟಿಗಳಾಗಿ ಭಾಗಮಾಡಿ. ವಾರಕ್ಕೆ ಒಂದೇ ಪಟ್ಟಿ. ಪೈಪಿನ ಬಾಯನ್ನು ನೇರವಾಗಿ ಗಾಜಿನವರೆಗೆ ಇಳಿಸಿ, ಅಲ್ಲಿನ ಮರಳು ಹೋದ ಮೇಲೆ ನೇರವಾಗಿ ಎತ್ತಿ, ಪಕ್ಕದಲ್ಲಿ ಮತ್ತೆ ಇಳಿಸಿ. ಕಸ ಗುಡಿಸಿದಂತೆ ಅಡ್ಡಡ್ಡ ಎಳೆಯಬಾರದು. ಹೆಬ್ಬೆರಳಿನಿಂದ ಪೈಪಿನ ಇನ್ನೊಂದು ತುದಿ ಒತ್ತಿ ವೇಗ ಹಿಡಿತದಲ್ಲಿಡಿ. ತೊಟ್ಟಿಯ ಐದನೇ ಒಂದು ಭಾಗದಷ್ಟು ನೀರು ಹೋಯಿತೇ? ಪಟ್ಟಿ ಮುಗಿಯದಿದ್ದರೂ ನಿಲ್ಲಿಸಿ, ಹೊಸ ನೀರು ತುಂಬಿ.

ಕಲ್ಲಿನ ಬುಡದ ಮರಳನ್ನು ಈಗ ಮುಟ್ಟಬೇಡಿ. ಆಸರೆ ತಪ್ಪಿದ ಕಲ್ಲು ಉರುಳಿ ಗಾಜು ಒಡೆದರೆ 250 ಲೀಟರ್ ಉಪ್ಪುನೀರು ನಿಮ್ಮ ನಡುಮನೆಯಲ್ಲಿರುತ್ತದೆ. ರಾಸ್ ಜಾತಿಯ ಮೀನು ಸಾಕಿದವರು ಸಂಜೆ ಈ ಕೆಲಸ ಮಾಡಬಾರದು. ಅವುಗಳಲ್ಲಿ ಹಲವು ಮರಳಿನೊಳಗೆ ಹೂತುಕೊಂಡು ಮಲಗುತ್ತವೆ. ಮರುದಿನ ಅಮೋನಿಯಾ ಅಳೆಯಿರಿ. ಸೊನ್ನೆ ಇಲ್ಲದಿದ್ದರೆ ಮುಂದಿನ ವಾರದ ಪಟ್ಟಿ ರದ್ದು.

ಹೆಜ್ಜೆ 6: ಕಲ್ಲು

ಕಲ್ಲಿಲ್ಲದ ಕಡೆಯ ಮರಳು ಮುಗಿದ ಮೇಲೆ ಎರಡು ವಾರ ಸುಮ್ಮನಿರಿ. ಆಮೇಲೆ ಮೂರು ವಾರಕ್ಕೊಮ್ಮೆ ಮೂರನೇ ಒಂದು ಭಾಗದಂತೆ ಕಲ್ಲು ಬದಲಿಸಿ; ಆಯಾ ಕಲ್ಲಿನ ಬುಡದ ಮರಳನ್ನು ಆಗ ಹೀರಿ. ಹೊಸ ಕಲ್ಲು ಬರಿಯ ಗಾಜಿನ ಮೇಲೆ ಅಲುಗಾಡದೆ ಕೂರಬೇಕು. ಮರಳಿನ ಮೇಲೆ ಕೂರಿಸಿದರೆ ಬಿಲ ತೋಡುವ ಗೋಬಿ ಮೀನು ಒಂದು ರಾತ್ರಿಯಲ್ಲಿ ಬೀಳಿಸುತ್ತದೆ. ಹವಳವನ್ನು ಬುಡದ ಕಲ್ಲಿನ ಚೂರಿನ ಸಮೇತ ಉಳಿಯಿಂದ ಬಿಡಿಸಿ, ಸೂಪರ್ ಗ್ಲೂ ಜೆಲ್‌ನಿಂದ ಹೊಸ ಕಲ್ಲಿಗೆ ಅಂಟಿಸಿ.

ಗುಂಡಿಗಳ ಗೊಂಚಲಿನಂತಿರುವ ಝೋವಾಂಥಿಡ್ ಹವಳಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಹೊಂದಿರುತ್ತವೆ. ಕೈಗವಸು, ಕನ್ನಡಕ ಬೇಕೇ ಬೇಕು. ಹಳೆಯ ಕಲ್ಲನ್ನು ಶುದ್ಧಮಾಡಲು ಹಂಡೆಯಲ್ಲಿ ಕುದಿಸುವ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ.

ಹೆಜ್ಜೆ 7: ಹೊಸ ಮರಳು

ನೀರು ತಿಳಿಯಾಗುವವರೆಗೆ ಅಕ್ಕಿಯಂತೆ ತೊಳೆಯಿರಿ. ಪಂಪ್ ಆರಿಸಿ, ಅಗಲವಾದ ಪಿವಿಸಿ ಪೈಪನ್ನು ತಳಕ್ಕೆ ಊರಿ, ಅದರೊಳಗಿಂದ ಸುರಿಯಿರಿ. ವಾರಕ್ಕೆ ಒಂದು ಸೆಂಟಿಮೀಟರ್ ದಪ್ಪದಷ್ಟು ಸಾಕು. ಒಂದೆರಡು ದಿನ ನೀರು ಮಜ್ಜಿಗೆಯಂತಿದ್ದರೆ ಗಾಬರಿ ಬೇಡ.

ಮುಂದಿನ ಎರಡು ವಾರ ದಿನಾ ಅಮೋನಿಯಾ ಅಳೆಯಿರಿ, ಮೀನಿಗೆ ಅರ್ಧ ಊಟ ಕೊಡಿ. ಹೊಸ ಮರಳಿನ ಮೇಲೆ ಕಂದು ಹುಡಿ ಕಾಣಿಸುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತಾನಾಗಿ ಹೋಗುತ್ತದೆ, ಔಷಧಿ ಹುಡುಕಿಕೊಂಡು ಹೋಗಬೇಡಿ. ತೆಗೆದ ಉಪ್ಪುನೀರನ್ನು ಕಾಫಿ ಗಿಡದ ಬುಡಕ್ಕಾಗಲಿ ತೋಡಿಗಾಗಲಿ ಚೆಲ್ಲದೆ ಬಚ್ಚಲಿಗೆ ಬಿಡಿ. ಹಳೆಯ ಮರಳನ್ನು ಸಿಹಿನೀರಿನಲ್ಲಿ ನಾಲ್ಕು ಸಲ ತೊಳೆದರೆ ಅಂಗಳದ ದಾರಿಗೆ ಹಾಕಬಹುದು. ವಾಸನೆ ಹೋಗಲು ಮಾತ್ರ ಒಂದು ಮಳೆಗಾಲ ಬೇಕು.